ವೃದ್ಧರ ಆರೋಗ್ಯಪಾಲನೆಗೆ ಜಾಣಮನೆ: ಬೀದರ, ಭಾಲ್ಕಿ ಮತ್ತು ಔರಾದಗಳ ಸಂದರ್ಭ

ಮನೆಯ ಬಾಗಿಲು, ದೀಪ, ಔಷಧಿಪೆಟ್ಟಿಗೆ, ರಕ್ತದೊತ್ತಡ ಮಾಪಕ ಮುಂತಾದವುಗಳನ್ನು ಸಂವೇದಕಗಳ ಮೂಲಕ ಪರಸ್ಪರ ಜೋಡಿಸಿ, ಅಗತ್ಯ ಬಿದ್ದಾಗ ಹೊರಗಿನವರಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನು ಸ್ಮಾರ್ಟ್ ಹೋಮ್ ಎಂದು ಕರೆಯಲಾಗುತ್ತದೆ. ಕನ್ನಡದಲ್ಲಿ ಇದನ್ನು ಜಾಣಮನೆ ಎನ್ನಬಹುದು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರ ಸಂಖ್ಯೆ ಸುಮಾರು 10 ಕೋಟಿ 38 ಲಕ್ಷ. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡಾ 9.5ರಷ್ಟು. ಅದೇ ಗಣತಿಯಲ್ಲಿ 17 ಲಕ್ಷ ಜನಸಂಖ್ಯೆಯನ್ನು ದಾಖಲಿಸಿದ ಬೀದರ ಜಿಲ್ಲೆಯಿಂದ ದುಡಿಯುವ ವಯಸ್ಸಿನವರು ಹೈದರಾಬಾದು, ಪುಣೆ, ಮುಂಬಯಿಗಳಿಗೆ ವಲಸೆ ಹೋಗುವುದು ಹಳೆಯ ವಿದ್ಯಮಾನ. ಹಿಂದೆ ಉಳಿದ ತಂದೆತಾಯಿಗಳ ಆರೋಗ್ಯವನ್ನು ದೂರದಿಂದ ನೋಡಿಕೊಳ್ಳುವ ಸಾಧನಗಳಿಗೆ ಇಲ್ಲಿ ನಿಜವಾದ ಅವಶ್ಯಕತೆಯಿದೆ. ಆದರೆ ಮಾರುಕಟ್ಟೆಯಲ್ಲಿ ದೊರೆಯುವ ಸಾಧನಗಳು ಯಾವ ಬಗೆಯ ಮನೆಯನ್ನು, ಯಾವ ಬಗೆಯ ವೃದ್ಧರನ್ನು ಕಲ್ಪಿಸಿಕೊಂಡು ರೂಪುಗೊಂಡಿವೆ ಎಂಬ ಪ್ರಶ್ನೆ ಬಹುತೇಕ ಚರ್ಚೆಗೆ ಬಂದಿಲ್ಲ.

ಈ ಕ್ಷೇತ್ರದಲ್ಲಿ ಅತ್ಯಂತ ಬುದ್ಧಿವಂತಿಕೆಯ ಪ್ರಯೋಗವೊಂದು ಬಹಳ ಸರಳವಾದದ್ದು. ಜಪಾನಿನ ಜೊಜಿರುಶಿ ಕಂಪನಿಯು 2001ರಲ್ಲಿ ವಿದ್ಯುತ್ ಕೆಟಲ್ ಒಂದನ್ನು ಬಳಕೆಗೆ ತಂದಿತು. ಒಂಟಿಯಾಗಿರುವ ವೃದ್ಧರು ಚಹಾಕ್ಕೆಂದು ಅದರಿಂದ ಬಿಸಿನೀರು ಬಗ್ಗಿಸಿಕೊಂಡಾಗಲೆಲ್ಲ ಅದು ದಾಖಲಾಗಿ, ದೂರದ ಮಕ್ಕಳಿಗೆ ಇ-ಅಂಚೆಯ ಮೂಲಕ ತಿಳಿಯುತ್ತಿತ್ತು. ವೃದ್ಧರು ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ. ಎಂದಿನಂತೆ ಚಹಾ ಕುಡಿದರೆ ಸಾಕಾಗಿತ್ತು. ವೃದ್ಧರ ದಿನಚರಿಗೆ ಯಂತ್ರವೇ ಹೊಂದಿಕೊಳ್ಳಬೇಕೆಂಬ ಈ ತತ್ತ್ವವನ್ನು ಬೀದರ ಭಾಗಕ್ಕೆ ಅನ್ವಯಿಸಿದಾಗ ಮೊದಲು ಎದುರಾಗುವುದು ಲಿಪಿಯ ಸಮಸ್ಯೆ.

1948ರ ಸೆಪ್ಟೆಂಬರ್‌ವರೆಗೆ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಭಾಷೆ ಉರ್ದು, ಶಾಲೆಯ ಭಾಷೆಯೂ ಪ್ರಧಾನವಾಗಿ ಉರ್ದುವೇ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತಾಗಿದೆ. 1956ರ ಭಾಷಾವಾರು ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು: ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ ಹೋಗಿ, ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದ್ದರಿಂದ ಇಂದು ಎಂಬತ್ತೈದು ದಾಟಿದ, ಶಾಲೆಯ ಮುಖ ಕಂಡ ವ್ಯಕ್ತಿಯೊಬ್ಬರು ಮನೆಯಲ್ಲಿ ಕನ್ನಡ ಆಡುತ್ತ, ಓದುವಾಗ ಉರ್ದುವಿನಲ್ಲಿಯೇ ನಿರಾಳವಾಗಿರುವುದು ಇಲ್ಲಿ ಅಸಹಜವಲ್ಲ. ಔರಾದ ತಾಲ್ಲೂಕಿನಲ್ಲಿ ಮರಾಠಿ ಮನೆಮಾತಿನ ಕುಟುಂಬಗಳು ಹೆಚ್ಚು. ತಾಂಡಾಗಳ ಲಂಬಾಣಿ ಹಿರಿಯರ ಭಾಷೆಗೆ ಸ್ವಂತ ಲಿಪಿಯೇ ಇಲ್ಲ. ಅದೇ ತಲೆಮಾರಿನ ಬಹುಪಾಲು ಹೆಂಗಸರಿಗೆ ಅಕ್ಷರಾಭ್ಯಾಸದ ಅವಕಾಶವೇ ಒದಗಿರಲಿಲ್ಲ. ಹೀಗಿರುವಾಗ ಪರದೆಯ ಮೇಲಿನ ಇಂಗ್ಲಿಷನ್ನು ಕನ್ನಡಕ್ಕೆ ಅನುವಾದಿಸಿದೊಡನೆ ಸಾಧನ ಸ್ಥಳೀಯವಾಯಿತೆಂದು ಭಾವಿಸುವುದು ತಪ್ಪು. ಎಷ್ಟೋ ಸಾಧನಗಳಲ್ಲಿ ಮೊದಲ ಪುಟ ಮಾತ್ರ ಕನ್ನಡದಲ್ಲಿದ್ದು, ಒಂದು ಗುಂಡಿ ಒತ್ತಿದೊಡನೆ ಒಳಗೆಲ್ಲ ಇಂಗ್ಲಿಷ್ ಕಾಣಿಸಿಕೊಳ್ಳುತ್ತದೆ. ಪಟ್ಟದ್ದೇವರ ಫಲಕದ ಯುಕ್ತಿ ಇಲ್ಲಿ ತಲೆಕೆಳಗಾಗಿದೆ ಎನ್ನಬೇಕು.

ಧ್ವನಿಯ ಮೂಲಕ ವ್ಯವಹರಿಸುವ ಸಾಧನಗಳು ಈ ತೊಡಕಿಗೆ ಸಹಜ ಪರಿಹಾರವಾಗಿ ತೋರುತ್ತವೆ. ಆದರೆ ಅವು ಕಲಿತಿರುವ ಕನ್ನಡ ಬಹುಮಟ್ಟಿಗೆ ಗ್ರಾಂಥಿಕ ಅಥವಾ ದಕ್ಷಿಣದ ನಗರಗಳ ಕನ್ನಡ. ಎದೆನೋವು ಎಂಬ ಪದಕ್ಕೆ ಸ್ಪಂದಿಸುವ ಯಂತ್ರವು ‘ಎದಿ ಬ್ಯಾನಿ ಆಗ್ಲತ್ತದ’ ಎಂದಾಗ ಸುಮ್ಮನಿದ್ದರೆ ಅದು ಕೇವಲ ಭಾಷೆಯ ದೋಷವಾಗಿ ಉಳಿಯದೆ ಪ್ರಾಣಾಪಾಯವಾಗುತ್ತದೆ. ‘ಚಕ್ಕರ್ ಬರ್ಲತ್ತದ’, ‘ದಮ್ಮ ಹತ್ಯದ’ ಎಂಬ ಮಾತುಗಳಲ್ಲಿ ಕನ್ನಡ, ಉರ್ದು, ಮರಾಠಿಗಳನ್ನು ಬಿಡಿಸಿ ನೋಡುವುದು ಕಷ್ಟ. ಯಂತ್ರವನ್ನು ಬಳಸುವ ಮೊದಲು ಒಂದೇ ಭಾಷೆಯನ್ನು ಆರಿಸಿಕೊಳ್ಳಬೇಕೆಂದು ಹೇಳುವ ವಿನ್ಯಾಸವು ಈ ಜನರ ಬಾಯಿಗೆ ಬೀಗ ಹಾಕಿದಂತೆಯೇ ಸರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್‌ನೊಡನೆ ಸೇರಿ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸುತ್ತಿರುವ ವಾಣಿ ಯೋಜನೆ ಈ ದಿಕ್ಕಿನಲ್ಲಿ ಉಪಯುಕ್ತವಾದವು. ಆದರೆ ಹಲ್ಲು ಬಿದ್ದ, ಉಸಿರು ಕಟ್ಟಿದ, ಪಾರ್ಶ್ವವಾಯುವಿನಿಂದ ತೊದಲುವ ಹಿರಿಯರ ದನಿಯನ್ನು ಪ್ರತ್ಯೇಕವಾಗಿಯೇ ಸಂಗ್ರಹಿಸಬೇಕಾಗುತ್ತದೆ. ಸಾಧನದ ಆವಶ್ಯಕತೆ ಅತ್ಯಧಿಕವಾಗಿರುವುದು ಅವರಿಗೇ.

ಔಷಧಿಪೆಟ್ಟಿಗೆಯ ಉದಾಹರಣೆಯನ್ನು ನೋಡಬಹುದು. ವಾರದ ಏಳು ಖಾನೆಗಳು ಎಡದಿಂದ ಬಲಕ್ಕೆ ಸಾಗುತ್ತವೆ. ಉರ್ದು ಓದುವವರು ಬಲದಿಂದ ಎಡಕ್ಕೆ ಎಣಿಸಿದರೆ ಆಶ್ಚರ್ಯವಿಲ್ಲ. ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟು ಎಂದು ಸ್ಥಿರಗೊಳಿಸಿದ ಗಂಟೆಯು ರಮ್ಜಾನ್ ತಿಂಗಳಿನಲ್ಲಿ ಅರ್ಥಹೀನ. ಸಹರಿ ಮತ್ತು ಇಫ್ತಾರ್‌ಗಳ ಸಮಯ ದಿನದಿನವೂ ಸ್ವಲ್ಪ ಸರಿಯುತ್ತದೆ. ಮಧುಮೇಹದ ಔಷಧಿಯ ಪ್ರಮಾಣವನ್ನೂ ವೈದ್ಯರು ಆ ತಿಂಗಳಿಗೆ ಬದಲಿಸಬೇಕಾಗಬಹುದು. ಶ್ರಾವಣದ ಉಪವಾಸಗಳಿಗೂ ಇದೇ ಮಾತು ಸಲ್ಲುತ್ತದೆ. ಗಡಿಯಾರಕ್ಕೆ ಬದಲಾಗಿ ಊಟಕ್ಕೆ ಹೊಂದಿಕೊಳ್ಳುವ ನೆನಪೋಲೆ ತಾಂತ್ರಿಕವಾಗಿ ಕಷ್ಟದ್ದೇನೂ ಅಲ್ಲ.

ಇನ್ನು ಮನೆಯ ರಚನೆ. ಬೀಳುವಿಕೆಯಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಸಾಯುತ್ತಾರೆಂದೂ, ಅರವತ್ತು ದಾಟಿದವರಲ್ಲಿ ಇಂಥ ಸಾವು ಅತಿ ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬೀಳುವಿಕೆಯನ್ನು ಗುರುತಿಸುವ ಅನೇಕ ಸಂವೇದಕಗಳ ತರ್ಕ ಹೀಗಿದೆ: ದೇಹವು ನೆಲದ ಮಟ್ಟಕ್ಕೆ ಬಂದು ಅಲ್ಲಿಯೇ ಕೆಲಕಾಲ ಉಳಿದರೆ ಮನುಷ್ಯ ಬಿದ್ದಿದ್ದಾನೆ. ಮಂಚ, ಕುರ್ಚಿಗಳ ಮನೆಗಳಿಗೆ ಈ ತರ್ಕ ಹೊಂದುತ್ತದೆ. ಭಾಲ್ಕಿಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಇಷ್ಟಲಿಂಗಪೂಜೆ ಮಾಡುವವರು, ಬೀದರದ ಹಳೆಯ ನಗರದ ಮನೆಯಲ್ಲಿ ನಮಾಜಿನ ಸಜ್ದಾಕ್ಕೆ ಬಾಗುವವರು, ಔರಾದದ ಮನೆಯಲ್ಲಿ ಮಧ್ಯಾಹ್ನ ತಣ್ಣನೆಯ ನೆಲದ ಮೇಲೆ ಅಡ್ಡಾಗುವವರು, ಇವರೆಲ್ಲರೂ ಆ ಯಂತ್ರದ ದೃಷ್ಟಿಯಲ್ಲಿ ಬಿದ್ದವರೇ. ದಿನಕ್ಕೆ ಐದು ಬಾರಿ ಸುಳ್ಳು ಕೂಗು ಹಾಕುವ ಸಾಧನದ ತಂತಿಯನ್ನು ಮನೆಯವರು ವಾರದೊಳಗೆ ಕಿತ್ತುಹಾಕುತ್ತಾರೆ. ಅದು ಅವರ ತಪ್ಪಲ್ಲ. ದೇಹ ಇಳಿದ ವೇಗ, ಇಳಿದ ಜಾಗ (ಬಚ್ಚಲು, ಎತ್ತರದ ಹೊಸ್ತಿಲು, ಮೆಟ್ಟಿಲು) ಹಾಗೂ ಆ ವ್ಯಕ್ತಿಯ ದಿನಚರಿ, ಈ ಮೂರನ್ನೂ ಒಟ್ಟಿಗೆ ಗಣಿಸುವ ವಿನ್ಯಾಸ ಇಲ್ಲಿಗೆ ಬೇಕು. ಕೊರಳಿಗೆ ಹಾಕಿಕೊಳ್ಳುವ ತುರ್ತುಗುಂಡಿಯ ಬಗೆಗೂ ಇದೇ ವಿವೇಚನೆ ಅಗತ್ಯ: ಕೊರಳಲ್ಲಿ ಲಿಂಗವನ್ನು ಧರಿಸಿದವರು ಪಕ್ಕದಲ್ಲಿ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ನೇತುಹಾಕಿಕೊಳ್ಳಲು ಸುಲಭವಾಗಿ ಒಪ್ಪಲಾರರು.

ಬೀದರದ ಹಳೆಯ ಮನೆಗಳ ದಪ್ಪ ಜಂಬಿಟ್ಟಿಗೆ ಗೋಡೆಗಳು ಬೇಸಿಗೆಯನ್ನು ತಡೆಯುವಂತೆಯೇ ರೇಡಿಯೋ ಅಲೆಗಳನ್ನೂ ತಡೆಯುತ್ತವೆ. ಸಾಮಾನ್ಯ ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್; ಮಳೆಗಾಲದಲ್ಲಿ ತೇವ ಹೀರಿದ ಕಲ್ಲು ಅದನ್ನು ಇನ್ನಷ್ಟು ನುಂಗುತ್ತದೆ. ಭಾರತದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 865–867 ಮೆಗಾಹರ್ಟ್ಸ್ ಪಟ್ಟಿಯ ಅಲೆಗಳು ಸುಮಾರು 35 ಸೆಂಟಿಮೀಟರ್ ಉದ್ದದವಾಗಿದ್ದು ಇಂಥ ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತವೆ. ಬಾಗಿಲು ತೆರೆಯಿತು, ಮಾತ್ರೆ ತೆಗೆದುಕೊಂಡರು ಎಂಬಷ್ಟು ಸುದ್ದಿಗೆ ಅವು ಸಾಕು. ಅಂಥ ಸಂವೇದಕಗಳು ಸಣ್ಣ ಬ್ಯಾಟರಿಯಲ್ಲಿ ದೀರ್ಘಕಾಲ ನಡೆಯುತ್ತವೆ. ವಿದ್ಯುತ್ತಿನ ಲೆಕ್ಕವನ್ನೂ ಮರೆಯುವಂತಿಲ್ಲ. ಸದಾ ಉರಿಯುವ 5 ವ್ಯಾಟಿನ ಕೇಂದ್ರಪೆಟ್ಟಿಗೆ ತಿಂಗಳಿಗೆ 3.6 ಯೂನಿಟ್ ಬಳಸುತ್ತದೆ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯು ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10ರಷ್ಟನ್ನು ಸೇರಿಸಿ ಉಚಿತ ಮಿತಿಯನ್ನು ಗೊತ್ತುಪಡಿಸಿತು. 60 ಯೂನಿಟ್ ಬಳಸುತ್ತಿದ್ದ ಮನೆಗೆ ದೊರೆತ ಹೆಚ್ಚುವರಿ 6 ಯೂನಿಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈ ಪೆಟ್ಟಿಗೆಯೊಂದೇ ತಿಂದುಹಾಕುತ್ತದೆ.

ಸುದ್ದಿ ಯಾರಿಗೆ ಮುಟ್ಟಬೇಕು ಎಂಬುದು ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ. ಬೀದರದಿಂದ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿನಲ್ಲಿರುವ ಮಗನಿಗೆ ಎಚ್ಚರಿಕೆ ತಲಪಿದರೆ ಅವನು ಮಾಡಬಹುದಾದದ್ದು ನೆರೆಯವರಿಗೆ ಫೋನು ಮಾತ್ರ. ಆದ್ದರಿಂದ ಮೊದಲ ಕರೆ ನೆರೆಮನೆಗೆ, ಎರಡನೆಯದು ಆಶಾ ಕಾರ್ಯಕರ್ತೆಗೆ, ಮೂರನೆಯದು ಮಗನಿಗೆ ಹೋಗುವುದು ಯುಕ್ತ. ಸಾವಿರ ಜನರ ಹೊಣೆ ಹೊತ್ತ ಆಶಾ ಕಾರ್ಯಕರ್ತೆಗೆ ಇದು ಸಂಬಳವಿಲ್ಲದ ಇನ್ನೊಂದು ಕೆಲಸವಾಗಬಾರದೆಂಬುದೂ ವಿನ್ಯಾಸದ ಭಾಗವೇ. ಔರಾದದ ಗಡಿಹಳ್ಳಿಗಳ ರೋಗಿಗಳಿಗೆ ಉದಗೀರ ಹತ್ತಿರ. ಅಲ್ಲಿನ ಚೀಟಿ ಮರಾಠಿಯ ಊರಿನದು, ಇಲ್ಲಿನ ಕಡತ ಕನ್ನಡದ್ದು. 2021ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಹದಿನಾಲ್ಕು ಅಂಕಿಗಳ ಆಭಾ ಸಂಖ್ಯೆ ಈ ಎರಡನ್ನೂ ಜೋಡಿಸಬಲ್ಲದು. ಆದರೆ ಅದಕ್ಕೆ ಬೇಕಾದ ಒಂದು ಬಾರಿಯ ಗುಪ್ತಸಂಖ್ಯೆ ಎಷ್ಟೋ ಸಲ ಬರುವುದು ಮಗನ ಜೇಬಿನಲ್ಲಿರುವ ಮೊಬೈಲಿಗೆ.

ಒಪ್ಪಿಗೆಯ ಪ್ರಶ್ನೆಯೂ ಇಲ್ಲಿಯೇ ಹುಟ್ಟುತ್ತದೆ. ಮಗ ಹಣ ಕೊಟ್ಟು ಕ್ಯಾಮೆರಾ ಹಾಕಿಸುತ್ತಾನೆ, ನೋಡಿಸಿಕೊಳ್ಳಬೇಕಾದವಳು ತಾಯಿ. ಸೆರಗು ಸರಿಪಡಿಸಿಕೊಳ್ಳಲೂ ಸಂಕೋಚಪಡುವಂತಾದ ಮನೆಯಲ್ಲಿ ಅವಳ ಆರೋಗ್ಯ ಸುಧಾರಿಸುತ್ತದೆಂದು ನಂಬುವುದು ಕಷ್ಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕೆನ್ನುತ್ತದೆ. ಕನ್ನಡ, ಉರ್ದು, ಮರಾಠಿ, ತೆಲುಗುಗಳು ಆ ಅನುಸೂಚಿಯಲ್ಲಿವೆ, ಲಂಬಾಣಿ ಇಲ್ಲ. ಓದಲು ಬಾರದವರಿಗೆ ಈ ನಾಲ್ಕರಿಂದಲೂ ಪ್ರಯೋಜನ ಕಡಿಮೆ. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ವಿವರಿಸಿ ಪಡೆಯುವುದು, ಅದನ್ನು ಆಗಾಗ ಮತ್ತೆ ಕೇಳುವುದು, ಕ್ಯಾಮೆರಾದ ಬದಲು ಬಾಗಿಲು ಮತ್ತು ನೀರಿನ ಮಡಕೆಯಂಥ ವಸ್ತುಗಳಿಗೆ ಸಂವೇದಕ ಜೋಡಿಸುವುದು ಸಾಧ್ಯವಾದ ಮಾರ್ಗಗಳು. ಇವುಗಳ ಜೊತೆಗೆ ಇಡೀ ವ್ಯವಸ್ಥೆಯನ್ನು ಕೆಲಹೊತ್ತು ನಿಲ್ಲಿಸುವ ಗುಂಡಿಯೊಂದು ಇರಬೇಕು. ಅದು ಮಗನ ಮೊಬೈಲಿನಲ್ಲಲ್ಲದೆ ತಾಯಿಯ ಮನೆಯ ಗೋಡೆಯಲ್ಲಿ, ನೆಲದ ಮೇಲೆ ಕುಳಿತವರ ಕೈಗೆ ಎಟಕುವ ಎತ್ತರದಲ್ಲಿ, ಒಣಗಿ ಬಿರುಸಾದ ಬೆರಳಿಗೂ ಒತ್ತಲು ಬರುವಂತೆ ಇರಬೇಕು.