ದೊಡ್ಡ ನಾಯಿಗೂ ಜಾಗ ಕಲಿಸಬಹುದು: ಪಲ್ಲೆ ಮಡಿ ಉಳಿಸುವ ಮೂರು ವಾರದ ಕೆಲಸ

ರೊಟ್ಟಿ ಜೊತೆ ಹಸಿ ಮೆಂತ್ಯ, ಮೂಲಂಗಿ, ಸೌತಿಕಾಯಿ, ಉಳ್ಳಾಗಡ್ಡಿ ಇಲ್ಲ ಅಂದ್ರ ನಮ್ಮ ಕಡೆ ಊಟ ಆದಂಗ ಅನ್ನಿಸೋದಿಲ್ಲ. ಬೇಯಿಸದೇ ತಿನ್ನುವ ಈ ತಪ್ಪಲು ಪಲ್ಲೆ ಬೆಳೆಯೋ ಮಡಿಯಲ್ಲೇ ಸಾಕಿದ ನಾಯಿ ಹೊಲಸು ಮಾಡಿದರೆ? ಸಾವಯವ ಅಂತ ಹೇಳಿ ಮಾರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ನಾಯಿಯ ಮಲದಲ್ಲಿ ದುಂಡುಹುಳು, ಕೊಕ್ಕೆಹುಳು, ಲಾಡಿಹುಳುಗಳ ತತ್ತಿ ಇರಬಹುದು. ಕುರಿ ಸಾಕುವ ಊರುಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಎಕಿನೊಕಾಕಸ್ ಎಂಬ ಸಣ್ಣ ಲಾಡಿಹುಳುವಿನ ಬಗ್ಗೆ. ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಹಸಿ ಲಿವರ್, ಪುಪ್ಪುಸ ತಿಂದ ನಾಯಿಯ ಕರುಳಲ್ಲಿ ಇದು ಬೆಳೆಯುತ್ತದೆ. ತತ್ತಿ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಸೊಪ್ಪಿಗೆ, ಸೊಪ್ಪಿನಿಂದ ನಮ್ಮ ಹೊಟ್ಟೆಗೆ ಹೋಗುತ್ತದೆ. ಮನುಷ್ಯರ ಲಿವರ್, ಶ್ವಾಸಕೋಶದಲ್ಲಿ ಹೈಡಾಟಿಡ್ ಎಂಬ ಗಡ್ಡೆ ವರ್ಷಗಟ್ಟಲೆ ಗೊತ್ತಾಗದಂತೆ ಬೆಳೆಯಬಹುದು.

ತಪ್ಪು ನಾಯಿಯದಲ್ಲ

ಬೆಳವಣಕಿಯ ನಮ್ಮ ತೋಟಕ್ಕೆ ಕುರಿಗಾರರ ಹಟ್ಟಿಯಿಂದ ಮುಧೋಳ ತಳಿಯ ನಾಯಿ ಬಂದಾಗ ಅದಕ್ಕೆ ಮೂರು ವರ್ಷ. "ಮರಿ ಇದ್ದಾಗ ಕಲಿಸಬೇಕಿತ್ರಿ, ಈಗೇನ್ ಕಲಿತೈತಿ" ಅಂದವರೇ ಬಹಳ. ಆದರೆ ದೊಡ್ಡ ನಾಯಿಗೆ ಒಂದು ಅನುಕೂಲ ಐತಿ. ಮರಿಗೆ ತಾಸು ಎರಡು ತಾಸು ತಡೆಯೋದೇ ಕಷ್ಟ. ಆರೋಗ್ಯವಾಗಿರುವ ದೊಡ್ಡ ನಾಯಿ ಆರೆಂಟು ತಾಸು ತಡೆಯಬಲ್ಲದು. ಅದಕ್ಕೆ ಕಲಿಸಬೇಕಾದದ್ದು ತಡೆಯೋದನ್ನಲ್ಲ, ಜಾಗವನ್ನು.

ನಾಯಿ ತನ್ನ ಕಾಲಿಗೆ ರೂಢಿಯಾದ ನೆಲ ಹುಡುಕುತ್ತದೆ. ಹೊಲದಲ್ಲೇ ಬೆಳೆದದ್ದಕ್ಕೆ ಸಡಿಲ ಮಣ್ಣು ಬೇಕು. ನಾವು ಅಗೆದು, ಹದ ಮಾಡಿ, ನೀರು ಬಿಟ್ಟ ಮಡಿಗಿಂತ ಒಳ್ಳೆ ಜಾಗ ಅದಕ್ಕೆ ಎಲ್ಲಿ ಸಿಗಬೇಕು? ಹಂಗಾಗಿ ಅಂಥದ್ದೇ ಜಾಗ ಬೇರೆ ಕಡೆ ಮಾಡಿಕೊಡಬೇಕು.

ಹೀಗೆ ಮಾಡ್ರಿ

1. ಮಡಿ, ಬಾವಿ, ಗೊಬ್ಬರದ ಗುಂಡಿಯಿಂದ ದೂರ, ಮಳೆ ನೀರು ಮಡಿ ಕಡೆ ಹರಿಯದ ಜಾಗದಲ್ಲಿ ಆರಡಿ ಉದ್ದ, ಆರಡಿ ಅಗಲ ಮಣ್ಣು ಸಡಿಲ ಮಾಡಿ. ಮೊದಲ ದಿನ ಅದರದೇ ಮಲ ಸ್ವಲ್ಪ ಅಲ್ಲಿ ಹಾಕಿ. ವಾಸನೆಯೇ ಅದಕ್ಕೆ ಗುರುತು.

2. ಊಟ ದಿನಕ್ಕೆ ಎರಡೇ ಸಲ, ಒಂದೇ ಹೊತ್ತಿಗೆ. ಇಪ್ಪತ್ತು ನಿಮಿಷದಲ್ಲಿ ತಟ್ಟೆ ಎತ್ತಿಬಿಡಿ. ಕುಡಿಯುವ ನೀರು ಮಾತ್ರ ಯಾವಾಗಲೂ ಇರಲಿ. ಹೊತ್ತಿಗೆ ತಿಂದ ನಾಯಿ ಹೊತ್ತಿಗೆ ಹೋಗುತ್ತದೆ.

3. ಬೆಳಿಗ್ಗೆ ಎದ್ದ ಕೂಡಲೇ, ಪ್ರತಿ ಊಟದ ನಂತರ, ರಾತ್ರಿ ಮಲಗುವ ಮುಂಚೆ ಹಗ್ಗ ಹಿಡಿದು ನೀವೇ ಕರೆದೊಯ್ಯಿರಿ. ಮೊಬೈಲ್‌ನಲ್ಲಿ ನಾಲ್ಕು ಅಲಾರಂ ಇಟ್ಟುಕೊಂಡರೆ ಮರೆಯೋದಿಲ್ಲ. ಹತ್ತು ನಿಮಿಷ ಸುಮ್ಮನೆ ನಿಲ್ಲಿರಿ.

4. ಕೆಲಸ ಮುಗಿಸಿದ ಕ್ಷಣವೇ, ಅಲ್ಲೇ, ರೊಟ್ಟಿ ತುಣುಕು ಕೊಟ್ಟು ಮೈ ಸವರಿ. ಮನೆಗೆ ಬಂದು ಕೊಟ್ಟರೆ ಅದು ಮನೆಗೆ ಬಂದದ್ದಕ್ಕೆ ಕೊಟ್ಟಂಗ.

5. ಮೂರು ವಾರ ಒಂದೋ ಕಟ್ಟಿರಲಿ, ಇಲ್ಲವೇ ನಿಮ್ಮ ಕಣ್ಣೆದುರಿಗೆ ಇರಲಿ. ಮಡಿ ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿ.

ಹೊಡೆಯೋದು ಬ್ಯಾಡ

ಮನೆಯೊಳಗೆ ಹೊಲಸು ಮಾಡಿತೆಂದು ಹೊಡೆದರೆ, ಮೂಗು ಹಿಡಿದು ತಿಕ್ಕಿದರೆ, ಜಾಗ ತಪ್ಪು ಅನ್ನೋದು ಅದಕ್ಕೆ ತಿಳಿಯೋದಿಲ್ಲ. ಮನುಷ್ಯರ ಎದುರು ಮಾಡಬಾರದು ಅನ್ನೋದಷ್ಟೇ ತಿಳಿಯುತ್ತದೆ. ಆಮೇಲೆ ಮೇವಿನ ಬಣವಿ ಹಿಂದೆ ಕದ್ದು ಮಾಡುತ್ತದೆ. ಮುಧೋಳ ನಾಯಿ ಓಟಕ್ಕೆ ಗಟ್ಟಿ, ಮನಸ್ಸಿಗೆ ಸೂಕ್ಷ್ಮ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ, 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಹೋದ ತಳಿ ಇದು. ಕಲಿಯೋ ಶಕ್ತಿಗೇನೂ ಕೊರತೆ ಇಲ್ಲ. ಈ ತಳಿ ಬಗ್ಗೆ ತಿಳಿಯಬೇಕೆಂದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಕೇಂದ್ರವೇ ಇದೆ.

ಹೊಲಸಾದ ನೆಲವನ್ನು ಮೊದಲು ನೀರಿನಲ್ಲಿ, ಆಮೇಲೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ತೊಳೆಯಿರಿ. ಫಿನೈಲ್ ವಾಸನೆ ಮುಚ್ಚುವುದು ನಮ್ಮ ಮೂಗಿಗೆ, ನಾಯಿ ಮೂಗಿಗಲ್ಲ.

ನಮ್ಮ ನಾಯಿ ಮೂರನೇ ವಾರಕ್ಕೆ ತಾನೇ ಆ ಜಾಗಕ್ಕೆ ಹೋಗತೊಡಗಿತು. ಮಳೆ ಹಿಡಿದಾಗ ಮಾತ್ರ ಮತ್ತೆ ಪಡಸಾಲೆಯಲ್ಲೇ ಶುರು. ಎರಿ ಮಣ್ಣು ಕಾಲಿಗೆ ಮೆತ್ತಿದರೆ ನಮಗೇ ನಡೆಯಾಕ ಆಗೋದಿಲ್ಲ, ನಾಯಿ ಹೆಂಗ ಹೋದೀತು? ದಾರಿಗೆ ಗರಸು ಹಾಕಿ, ಮೇಲೊಂದು ತಗಡು ಕಟ್ಟಿದ ಮೇಲೆ ಸರಿಹೋಯಿತು.

ಎರಡು ಮಾತು ನೆನಪಿರಲಿ. ಗಂಡು ನಾಯಿ ಕಂಬ ಕಂಬಕ್ಕೆ ಚೂರು ಚೂರು ಉಚ್ಚೆ ಹೊಯ್ಯೋದು ಗಡಿ ಗುರುತು. ಸಂತಾನಹರಣ ಮಾಡಿಸಿದರೆ ಅದು ಎಷ್ಟೋ ಕಡಿಮೆ ಆಗಬಹುದು. ಕಲಿತ ನಾಯಿ ಇದ್ದಕ್ಕಿದ್ದಂತೆ ಒಳಗೆ ಮಾಡಿದರೆ ಅದು ಸಿಟ್ಟಲ್ಲ, ಕಾಯಿಲೆ ಇರಬಹುದು. ಪಶು ವೈದ್ಯರಿಗೆ ತೋರಿಸಿ.

ಜಾಗ ಕಲಿಸಿದರೆ ಕೆಲಸ ಅರ್ಧ ಮಾತ್ರ

ಮಲವನ್ನು ದಿನಾ ಎತ್ತಿ ಒಂದಡಿ ಆಳಕ್ಕೆ ಹೂಳಬೇಕು. ಕಾಂಪೋಸ್ಟ್‌ಗೆ, ಎರೆಗೊಬ್ಬರಕ್ಕೆ ಯಾವ ಕಾರಣಕ್ಕೂ ಹಾಕಬೇಡಿ. ಮೂರು ತಿಂಗಳಿಗೊಮ್ಮೆ ಜಂತುಹುಳು ಔಷಧ ಕೊಡಿ. ಅದರಲ್ಲಿ ಲಾಡಿಹುಳುವಿಗೆ ಬೇಕಾದ ಪ್ರಾಜಿಕ್ವಾಂಟೆಲ್ ಇರಲಿ. ಪ್ರಮಾಣ ನಾಯಿಯ ತೂಕದ ಮೇಲೆ, ವೈದ್ಯರನ್ನು ಕೇಳಿಯೇ ಕೊಡಿ. ಕುರಿ ಕೊಯ್ದಾಗ ಒಳಗಿನ ಭಾಗಗಳನ್ನು ನಾಯಿಗೆ ಹಸಿದೇ ಎಸೆಯಬೇಡಿ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪದಿರಲಿ.

ನಮ್ಮ ಮೆಂತ್ಯ ಸಿವುಡನ್ನು ನಂಬಿಕೊಂಡು ಜನ ಹಸಿದೇ ತಿಂತಾರ. ನಾಳೆ ಬೆಳಿಗ್ಗೆಯ ಅಲಾರಂ ಇವತ್ತೇ ಇಟ್ಟುಬಿಡ್ರಿ.