ಮಡಕೆಯಂತಲ್ಲ ಈ ಡಬ್ಬಿ

ಖಾನಾಪುರ ಮಣ್ಣಿನ ಊರು. ಇಲ್ಲಿಯ ಹಂಚು, ಇಟ್ಟಿಗೆ, ಮಡಕೆಗಳಿಗೆ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲೇ. ಆವಿಗೆಯಲ್ಲಿ ಬೆಂದ ಮಡಕೆ ಒಡೆದರೆ ಅಂಟಿಸಬಹುದೇ ಹೊರತು ಮತ್ತೆ ಒಂದು ಮಾಡಲಾಗದು. ಬೆಂಕಿಗೆ ಜೇಡಿಮಣ್ಣಿನ ಒಡಲಲ್ಲಿದ್ದ ನೀರು ಹೋಯಿತೆಂದರೆ ಹೋದಂತೆಯೇ. ಅದೇ ಊರಿನ ಅಟ್ಟದ ಮೇಲೆ ಮೂಲೆ ಒಡೆದುಕೊಂಡು ಕೂತ ಹಳೆಯ ವಿಡಿಯೋ ಗೇಮಿನ ಡಬ್ಬಿಯ ಮಾತೇ ಬೇರೆ.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳ ಟಿವಿ ಮುಂದೆ ಕೂತದ್ದು ಬಹುಪಾಲು ಅದರ ನಕಲುಗಳು. ಫ್ಯಾಮಿಕಾಮ್ ಎಂಬ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಅದು ‘ವಿಡಿಯೋ ಗೇಮ್’, ಒಳಗೆ ಸಿಕ್ಕಿಸುವುದು ‘ಕ್ಯಾಸೆಟ್’. ಆಟ ಶುರುವಾಗದಿದ್ದರೆ ಕ್ಯಾಸೆಟ್ ತೆಗೆದು ಊದಬೇಕು! (ಊದಿದ್ದರಿಂದ ಅಲ್ಲ, ತೆಗೆದು ಮತ್ತೆ ಸಿಕ್ಕಿಸಿದ್ದರಿಂದ ಅದು ನಡೆಯುತ್ತಿತ್ತು. ಬಾಯಿಯ ತೇವ ತಾಮ್ರದ ಹಲ್ಲುಗಳಿಗೆ ಕೆಡುಕೇ.)

ಇಂಥ ಡಬ್ಬಿಗಳು ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನವು. ಸುಮಾರು 105 ಡಿಗ್ರಿ ಸೆಲ್ಸಿಯಸ್ಸಿಗೆ ಮೆತ್ತಗಾಗಿ, ಆರಿದರೆ ಮತ್ತೆ ಗಟ್ಟಿಯಾಗುವ ವಸ್ತು ಇದು. ಅಸಿಟೋನಿನಲ್ಲಿ ಕರಗುತ್ತದೆ ಕೂಡ. ಒಡೆದ ಡಬ್ಬಿಯನ್ನು ಸರಿಮಾಡುವ ಗುಟ್ಟು ಇರುವುದು ಇಲ್ಲೇ. ಅದೇ ಜಾತಿಯ ಪ್ಲಾಸ್ಟಿಕ್ ಚೂರುಗಳನ್ನು ಗಾಜಿನ ಸೀಸೆಯಲ್ಲಿ ಸ್ವಲ್ಪ ಅಸಿಟೋನ್ ಹಾಕಿ ನೆನೆಸಿಟ್ಟರೆ ದೋಸೆ ಹಿಟ್ಟಿನಂಥ ಸರಿ ಸಿಗುತ್ತದೆ. ಒಳಗಿನ ಬೋರ್ಡನ್ನು ಮೊದಲು ಬಿಚ್ಚಿ ದೂರ ಇಡಿ. ಬಿರುಕಿನ ಎರಡು ಅಂಚು ಕೂಡಿಸಿ, ಒಳಮೈಯಿಂದ ಈ ಸರಿ ಬಳಿದು, ಒಂದು ದಿನ ಮುಟ್ಟದೆ ಬಿಡಿ. ಅಂಚುಗಳೇ ಕರಗಿ ಕೂಡುವುದರಿಂದ ಇದು ಅಂಟಲ್ಲ, ಬೆಸುಗೆ. ಹೊರಮೈಗೆ ಹನಿ ಬಿದ್ದರೆ ಹೊಳಪು ಹೋಯಿತೆಂದೇ ತಿಳಿಯಿರಿ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ. ಒಲೆಯಿಂದ, ದೇವರ ದೀಪದಿಂದ ದೂರ, ಕಿಟಕಿ ತೆರೆದು ಕೆಲಸ ಮಾಡಬೇಕು. ಎಲ್ಲ ಪ್ಲಾಸ್ಟಿಕ್ಕೂ ಇದಕ್ಕೆ ಬಗ್ಗುವುದಿಲ್ಲ. ಕಾಣದ ಮೂಲೆಯಲ್ಲಿ ಒಂದು ಹನಿ ಇಟ್ಟು ನೋಡಿ: ಜಿಗುಟಾದರೆ ಸರಿ, ಆಗದಿದ್ದರೆ ಎಪಾಕ್ಸಿ ಅಂಟೇ ಗತಿ.

ಚೂರು ಕಳೆದುಹೋಗಿದ್ದರೆ ಹೊಸ ಡಬ್ಬಿಯನ್ನೇ ಮಾಡಿಸಬಾರದೇ? ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸ ಬಲ್ಲವರಿಗೆ ಬರವಿಲ್ಲ. ತೊಡಕು ಅಚ್ಚಿನದು. ತೆಳು ಮಣ್ಣು ಸುರಿದು ಬಟ್ಟಲು ತೆಗೆಯಲು ಪ್ಲಾಸ್ಟರಿನ ಅಚ್ಚು ಸಾಕು. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬಲು ಉಕ್ಕಿನ ಅಚ್ಚು ಬೇಕು. ಸಾವಿರಾರು ಡಬ್ಬಿ ತೆಗೆದರಷ್ಟೇ ಅದರ ಖರ್ಚು ಹುಟ್ಟುತ್ತದೆ. ‘ಗೇಮ್ ಬಾಯ್’ನಂಥ ಹೆಸರಾಂತ ಯಂತ್ರಗಳಿಗೆ ಹೊಸ ಡಬ್ಬಿ ಮಾರಾಟಕ್ಕಿವೆ. ನಮ್ಮ ನಕಲುಗಳಿಗೆ ಆ ಭಾಗ್ಯವಿಲ್ಲ. ಹೊರಗಿನಿಂದ ಒಂದೇ ತರಹ ಕಂಡರೂ ಒಳಗಿನ ಸ್ಕ್ರೂ ಕಂಬಗಳು ಬೇರೆ ಬೇರೆ ಕಡೆ ಇರಬಹುದು. ಆದ್ದರಿಂದ ಕೆಟ್ಟು ಮೂಲೆ ಸೇರಿದ ಅದೇ ಮಾದರಿಯ ಇನ್ನೊಂದನ್ನು ಗುಜರಿಯಲ್ಲಿ ಹುಡುಕುವುದು, ಇಲ್ಲವೇ ಹೋದ ತುಂಡನ್ನಷ್ಟೇ ಅಳೆದು ತ್ರೀಡಿ ಪ್ರಿಂಟರಿನಲ್ಲಿ ತೆಗೆಸುವುದು, ಇವೆರಡೇ ದಾರಿ.

ಹಳದಿಗಟ್ಟಿದ ಡಬ್ಬಿಯನ್ನು ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಖಾನಾಪುರದ ಮಳೆಗಾಲದಲ್ಲಿ ಆ ಬಿಸಿಲಿಗೆ ಕಾಯುವುದೇ ಒಂದು ಕೆಲಸ. ಬಣ್ಣ ಕಾಲಾಂತರದಲ್ಲಿ ಮತ್ತೆ ಹಳದಿಗೆ ತಿರುಗುವುದೂ ಉಂಟು. ನನ್ನನ್ನು ಕೇಳಿದರೆ ಆ ಹಳದಿ ಇರಲಿ ಬಿಡಿ.

ಕೊನೆಗೆ ಮುಚ್ಚುವಾಗ ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ. ಹಳೆಯ ಗೆರೆಗೆ ಬಿದ್ದಾಗ ಕಟಕ್ಕೆಂದು ಸಣ್ಣ ಸದ್ದಾಗುತ್ತದೆ. ಆಮೇಲೆ ಬಲಕ್ಕೆ, ಕೈಗೆ ಬಿಗಿ ಸಿಗುವವರೆಗೆ ಮಾತ್ರ. ಕಂಬಗಳು ಸೀಳುವುದು ಬಹಳ ಸಲ ಅದಾದ ಮೇಲಿನ ಅರ್ಧ ಸುತ್ತಿನಲ್ಲೇ.