ಬ್ರೇಕ್ ಕಿರುಚಿದಾಗ



ಬಾಗಿಲು ಕಿರುಗುಟ್ಟಿದರೆ ಎರಡು ಹನಿ ಎಣ್ಣೆ ಬಿಡುತ್ತೇವೆ, ಸದ್ದು ಅಡಗುತ್ತದೆ. ಕಾರಿನ ಬ್ರೇಕ್ ‘ಕೀ...’ ಎಂದು ಕಿರುಚಿದಾಗಲೂ ಇದೇ ಉಪಾಯ ಹೂಡಿದರೆ? ಸದ್ದೇನೋ ನಿಲ್ಲಬಹುದು, ಆದರೆ ಕಾರು ನಿಲ್ಲಲಾರದು! ಬ್ರೇಕ್ ಕೆಲಸ ಮಾಡುವುದೇ ಘರ್ಷಣೆಯ ಬಲದಿಂದ.

ಆ ಕೆಲಸ ಎಷ್ಟು ದೊಡ್ಡದು ನೋಡಿ. 1,000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರ ಚಲನಶಕ್ತಿ ಸುಮಾರು 1,39,000 ಜೂಲ್. ಕಾರು ನಿಲ್ಲಬೇಕಾದರೆ ಇದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗಬೇಕು. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಪೆಡಲ್ ತುಳಿದೊಡನೆ ದ್ರವದ ಒತ್ತಡದಿಂದ ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಅಮುಕುತ್ತವೆ. ಪ್ಯಾಡುಗಳನ್ನು ಹಿಡಿದಿರುವ ಚೌಕಟ್ಟೇ ಕ್ಯಾಲಿಪರ್.

ಹಾಗಾದರೆ ಸದ್ದು ಎಲ್ಲಿಂದ? ಪಿಟೀಲನ್ನು ನೆನಪಿಸಿಕೊಳ್ಳಿ. ಕಮಾನು ತಂತಿಯನ್ನು ಹಿಡಿದೆಳೆಯುತ್ತದೆ, ಜಾರಿಬಿಡುತ್ತದೆ, ಮತ್ತೆ ಹಿಡಿಯುತ್ತದೆ. ತಂತಿ ಕಂಪಿಸಿ ನಾದ ಹುಟ್ಟುತ್ತದೆ. ಪ್ಯಾಡ್ ಮತ್ತು ಡಿಸ್ಕ್ ನಡುವಿನ ಘರ್ಷಣೆಯೂ ಹೀಗೆಯೇ ಕಂಪನ ಹುಟ್ಟಿಸಬಲ್ಲದು. ಪ್ಯಾಡ್, ಕ್ಯಾಲಿಪರ್, ಡಿಸ್ಕ್ ಮೂರೂ ಜೊತೆಗೂಡಿ ಕಂಪಿಸಿದರೆ ಡಿಸ್ಕ್ ದೇವಸ್ಥಾನದ ಗಂಟೆಯಂತೆ ನುಡಿಯುತ್ತದೆ. ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ ಕಂಪನಗಳಾಗುವುದರಿಂದ ಅದು ಕಿವಿ ಚುಚ್ಚುವಂತೆ ಕೇಳಿಸುತ್ತದೆ.

ಎಲ್ಲ ಸದ್ದೂ ಅಪಾಯದ ಸೂಚನೆಯಲ್ಲ. ಅದು ಯಾವಾಗ ಬರುತ್ತದೆ ಎಂಬುದೇ ಕಾರಣ ತಿಳಿಯುವ ದಾರಿ.

ಮಳೆಗಾಲದ ಬೆಳಿಗ್ಗೆ ಮೊದಲ ನಾಲ್ಕಾರು ಸಲ ಮಾತ್ರ ಸದ್ದಾದರೆ, ರಾತ್ರಿ ಡಿಸ್ಕಿನ ಮೇಲೆ ಕೂತ ತೆಳು ತುಕ್ಕು ಕಾರಣ. ಪ್ಯಾಡುಗಳೇ ಅದನ್ನು ಉಜ್ಜಿ ತೆಗೆಯುತ್ತವೆ.

ಪ್ಯಾಡ್ ದಪ್ಪವಾಗಿದ್ದೂ ದಿನವಿಡೀ ಸದ್ದಾದರೆ, ಪ್ಯಾಡಿನ ಬೆನ್ನಿಗಿರುವ ಕಂಪನ ತಡೆಯುವ ತಗಡು ಕಳಚಿರಬಹುದು, ಇಲ್ಲವೇ ಪ್ಯಾಡಿನ ಮೈ ಅತಿಯಾಗಿ ಕಾದು ಗಾಜಿನಂತೆ ನುಣುಪಾಗಿರಬಹುದು. ಮೆಕ್ಯಾನಿಕ್ ಹೊಸ ತಗಡು ಹಾಕಿ, ಶಾಖ ತಡೆಯುವ ಬ್ರೇಕ್ ಗ್ರೀಸನ್ನು ಪ್ಯಾಡಿನ ಬೆನ್ನಿಗೆ ಮಾತ್ರ ಸವರುತ್ತಾರೆ. ಉಜ್ಜುವ ಮುಖಕ್ಕೆ ಗ್ರೀಸ್ ತಾಗಲೇಬಾರದು.

ಮೂರನೆಯದು ಬೇಕೆಂದೇ ಇಟ್ಟ ಸದ್ದು! ಅನೇಕ ಕಾರುಗಳ ಪ್ಯಾಡಿನಲ್ಲಿ ಉಕ್ಕಿನ ಪುಟ್ಟ ನಾಲಿಗೆಯೊಂದಿರುತ್ತದೆ. ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರ್ ಉಳಿದಾಗ ಅದು ಡಿಸ್ಕಿಗೆ ತಗುಲಿ ಕಿರುಚುತ್ತದೆ. ‘ನನ್ನನ್ನು ಬದಲಿಸಿ’ ಎಂಬುದು ಅದರ ಅರ್ಥ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಒಮ್ಮೆ ಹೊರಾಂಗಣ ಚಿತ್ರೀಕರಣ ಮುಗಿಸಿ ಘಾಟಿ ಇಳಿಯಲು ಹೊರಟಿದ್ದೆವು. ಬಾಡಿಗೆ ಕಾರು ಕಿರುಚುತ್ತಿತ್ತು. “ಧೂಳು ಸಾರ್, ತೊಳೆದ್ರೆ ಹೋಗುತ್ತೆ” ಎಂದ ಚಾಲಕ. ನಮ್ಮ ಧ್ವನಿಗ್ರಾಹಕರ ಕಿವಿ ಮಾತ್ರ ಒಪ್ಪಲಿಲ್ಲ. “ನಿನ್ನೆ ಬ್ರೇಕ್ ಹಾಕಿದಾಗ ಮಾತ್ರ ಬರ್ತಿತ್ತು ಸಾರ್, ಇವತ್ತು ಬಿಟ್ಟಾಗ್ಲೂ ಬರ್ತಿದೆ” ಎಂದರು. ಊರಲ್ಲೇ ಚಕ್ರ ಬಿಚ್ಚಿಸಿದೆವು. ಹೊರಗಿನ ಪ್ಯಾಡ್ ಚೆನ್ನಾಗಿತ್ತು. ಕಣ್ಣಿಗೆ ಕಾಣದ ಒಳಗಿನದು ಪೂರ್ತಿ ಸವೆಯುವುದರಲ್ಲಿತ್ತು. ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಅಂದಿನ ಘಾಟಿಯ ತಿರುವುಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಿರುಚಾಟ ‘ಗರಗರ’ ಸದ್ದಾಗಿ ಬದಲಾದರೆ ಲೋಹಕ್ಕೆ ಲೋಹ ಉಜ್ಜುತ್ತಿದೆಯೆಂದೇ ತಿಳಿಯಿರಿ. ಕಾರನ್ನು ಮುಂದೆ ಓಡಿಸಬಾರದು. ಪ್ಯಾಡ್ ಬದಲಿಸುವಾಗ ಎಡ, ಬಲ ಎರಡೂ ಚಕ್ರಗಳಲ್ಲಿ ಬದಲಿಸಬೇಕು. ಇಲ್ಲವಾದರೆ ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರುತ್ತಿತ್ತು.

ರಿಪೇರಿ ಮೆಕ್ಯಾನಿಕ್ಕಿನ ಕೆಲಸ, ಕೇಳಿಸಿಕೊಳ್ಳುವುದು ನಿಮ್ಮದು. ಎಂಥ ಸದ್ದು, ಯಾವ ಚಕ್ರದಲ್ಲಿ, ಯಾವಾಗ? ಈ ಮೂರನ್ನು ಗಮನಿಸಿ ಮನೆಯ ಹಿರಿಯರಿಗೆ ತಿಳಿಸಿ. ವಿಜ್ಞಾನ ಆರಂಭವಾಗುವುದೂ ಇಂಥ ಗಮನದಿಂದಲೇ ಅಲ್ಲವೇ?